ಹಲ್ಲು ಎಣಿಸಿ ವಯಸ್ಸು ಬರೆಯಬೇಡಿ

ಹಲ್ಲು ನೋಡಿ ವಯಸ್ಸು ಬರೆದುಕೊಡಿ ಎಂದು ನನ್ನ ಕ್ಲಿನಿಕ್ಕಿಗೆ ಬರುವವರು ಕೋಪರಖೈರಣೆಯಲ್ಲಿ ಕಡಿಮೆಯೇನಿಲ್ಲ. ಹೆಚ್ಚಿನವರು ನಮ್ಮವರೇ, ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಹುಡುಗನಿಗೆ ಹದಿನೆಂಟಾಗಿದೆ ಎಂಬ ಚೀಟಿ ಕಾಂಟ್ರಾಕ್ಟರನಿಗೆ ಬೇಕಂತೆ. ನಾನು ಬರೆಯುವುದಿಲ್ಲ. ಯಾಕೆಂದು ಹೇಳಲು ಆಫ್ರಿಕದ ಕಾಡಿಗೆ ಹೋಗಬೇಕು.

ಚಿಂಪಾಂಜಿಗೆ ಯಾವ ಹಲ್ಲು ಯಾವಾಗ ಹುಟ್ಟುತ್ತದೆಂಬ ಪಟ್ಟಿ ಬಹುಕಾಲ ಬಂದದ್ದು ಪಂಜರದ ಪ್ರಾಣಿಗಳಿಂದ. 2021ರಲ್ಲಿ ಜರ್ಮನಿಯಿಂದ ಮೈಸೂರು ಮೃಗಾಲಯಕ್ಕೆ ಬಂದ ಗೊರಿಲ್ಲಾಗಳ ಹಾಗೆ ಅವುಗಳ ಹುಟ್ಟಿದ ದಿನವೂ ಗೊತ್ತು, ಊಟದ ಹೊತ್ತೂ ಗೊತ್ತು. ಕಾಡಿನ ಮರಿಗೆ ಜಾತಕ ಬರೆದವರಾರು? ಐವರಿ ಕೋಸ್ಟಿನ ತಾಯಿ ಎಂಬ ಕಾಡಿನಲ್ಲಿ (ನಮ್ಮ ಕಿವಿಗೆ ಎಂಥ ಹೆಸರು!) ಕ್ರಿಸ್ಟೋಫ್ ಬೋಶ್ 1979ರಿಂದ ಚಿಂಪಾಂಜಿಗಳ ಬೆನ್ನು ಹತ್ತಿದ್ದರಿಂದ ಆ ಲೆಕ್ಕ ಸಿಕ್ಕಿತು. ಅಲ್ಲಿ ಸತ್ತವುಗಳ ಬುರುಡೆ ನೋಡಿ 2004ರಲ್ಲಿ ಏಡ್ರಿಯನ್ ಝಿಲ್ಮನ್ ಮತ್ತು ಸಂಗಡಿಗರು ಕಾಡಿನಲ್ಲಿ ಹಲ್ಲು ತಡವಾಗಿ ಹುಟ್ಟುತ್ತದೆ ಎಂದರು. ಅಂದರೆ ಪಂಜರದ ಪಟ್ಟಿ ಹಿಡಿದರೆ ಮರಿ ತನ್ನ ವಯಸ್ಸಿಗಿಂತ ಚಿಕ್ಕದಾಗಿ ಕಾಣುತ್ತದೆ. ತಾನ್ಯಾ ಸ್ಮಿತ್ ತಂಡ 2010ರಲ್ಲಿ ಆ ಬುರುಡೆಗಳನ್ನೇ ಮತ್ತೆ ಪರೀಕ್ಷಿಸಿ, ಅಷ್ಟೇನೂ ತಡವಿಲ್ಲ ಎಂದಿತು. 2013ರಲ್ಲಿ ಉಗಾಂಡಾದ ಕನ್ಯಾವರಾದಲ್ಲಿ ಮರಿಗಳು ಬಾಯಿ ತೆರೆದಾಗ ತೆಗೆದ ಫೋಟೋಗಳಿಂದ, ಮೊದಲ ದವಡೆ ಹಲ್ಲು ಸುಮಾರು 3 ವರ್ಷಕ್ಕೇ, ಪಂಜರದವಕ್ಕೆ ಸರಿಸಾಟಿಯಾಗಿ ಬರುತ್ತದೆ ಎಂದು ತೋರಿಸಿತು. ಆ ಹಲ್ಲು ಬಂತೆಂದರೆ ಮೊಲೆ ಬಿಟ್ಟಿತು ಎಂಬ ಹಳೆಯ ಸೂತ್ರವೂ ನಿಲ್ಲಲಿಲ್ಲ. ಹಲ್ಲು ಬಂದ ಮೇಲೂ ಮರಿಗಳು ಹಾಲು ಕುಡಿಯುತ್ತಲೇ ಇದ್ದವು.

ಈ ಜಗಳ ಯಾರು ಗೆದ್ದರು ಎಂಬುದು ನನಗೆ ಮುಖ್ಯವಲ್ಲ. ವಯಸ್ಸು ಗೊತ್ತಿದ್ದ ಪ್ರಾಣಿಗಳನ್ನು ಮುಂದಿಟ್ಟುಕೊಂಡೇ ಪಂಡಿತರು ಇಷ್ಟು ಕಚ್ಚಾಡುವಾಗ, ವಯಸ್ಸೇ ಗೊತ್ತಿಲ್ಲದ ಹುಡುಗನ ಬಾಯಿಗೆ ಟಾರ್ಚ್ ಬಿಟ್ಟು ಸಹಿ ಹಾಕುವ ಧೈರ್ಯ ಎಲ್ಲಿಂದ ಬರುತ್ತದೆ?

ಹಲ್ಲಿನಲ್ಲಿ ಲೆಕ್ಕ ಇಲ್ಲವೆಂದಲ್ಲ. ಎನಾಮೆಲ್ ದಿನಕ್ಕೊಂದು ಗೆರೆ ಬರೆಯುತ್ತದೆ, ಹುಟ್ಟಿದ ದಿನದ ಗೆರೆಯೂ ಅದರಲ್ಲಿದೆ. 2017ರಲ್ಲಿ ಕಾಡಿನ ಒರಾಂಗುಟಾನ್ ಹಲ್ಲುಗಳ ಬೇರಿಯಂ ಅಳೆದು, ಮರಿಗಳು 8 ವರ್ಷ ದಾಟಿಯೂ ಹಾಲು ಕುಡಿದದ್ದನ್ನು ಓದಿದ್ದು ಹೀಗೆಯೇ. ಆದರೆ ಅದಕ್ಕೆ ಹಲ್ಲನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಇಡಬೇಕು. ವಸಡಿನ ಮೇಲೆ ಕಾಣುವುದು ಆ ಲೆಕ್ಕವಲ್ಲ.

ಮನುಷ್ಯನಿಗೂ ಮಂಗನಿಗೂ ಹೋಲಿಕೆಯೇ ಎನ್ನುತ್ತೀರಾ? ಇಲ್ಲಿಯವರು ಅಕ್ಕಲ್‌ದಾಢ ಎನ್ನುವ ಬುದ್ಧಿಹಲ್ಲು ಒಬ್ಬನಿಗೆ 17ಕ್ಕೆ, ಇನ್ನೊಬ್ಬನಿಗೆ 25ಕ್ಕೆ, ಕೆಲವರಿಗೆ ಬರುವುದೇ ಇಲ್ಲ. ಎಕ್ಸ್‌ರೇ ಪರೀಕ್ಷೆಗೂ ಎರಡು ವರ್ಷ ಆಚೀಚೆ ಬಿಡಬೇಕೆಂದು ಸುಪ್ರೀಂ ಕೋರ್ಟು 1982ರ ಜಯಮಾಲಾ ಪ್ರಕರಣದಲ್ಲೇ ಹೇಳಿದೆ. 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಮಿನ ಪ್ರಕಾರ ಮೊದಲು ಶಾಲೆಯ ದಾಖಲೆ, ಆಮೇಲೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ.

ರಾಜ್ಯೋತ್ಸವಕ್ಕೆ ಶಾಮಿಯಾನ ಹಾಕುವ ನಮ್ಮ ಸಂಘಗಳು ಒಂದು ಮೇಜನ್ನು ಜನನ ನೋಂದಣಿಗೆ ಇಡಬಾರದೇಕೆ? 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಕೂಸಿಗೆ ಶಾಲೆಯ ಪ್ರವೇಶಕ್ಕೂ ಆ ಕಾಗದವೇ ಬೇಕು. 21 ದಿನದೊಳಗಾದರೆ ದುಡ್ಡಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು, ಅದೂ ಹುಟ್ಟಿದ ಊರಲ್ಲಿ. ಯಾದಗಿರಿಗೆ ಹೋಗಿ ಬರುವಷ್ಟರಲ್ಲಿ ನಾಲ್ಕು ದಿನದ ಕೂಲಿ ಹೋಗಿರುತ್ತದೆ.