ಹೊರಗಿನ ಐವರ ಲೆಕ್ಕ

ಕಬಡ್ಡಿಯಲ್ಲಿ ಅಂಕಣದೊಳಗೆ ಏಳು ಮಂದಿ, ಹೊರಗೆ ಐವರು. ನಾನು ಹೊರಗಿನವ. ಸಂಜೆ ಪುಂಜಾಲಕಟ್ಟೆಯ ಮನೆಗೆ ಹೋದರೆ ಅಮ್ಮಿ ಕೇಳುತ್ತಾರೆ, "ಇವತ್ತಾದರೂ ಆಡಿದೆಯಾ?"

ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಲೆಕ್ಕ ಹೇಳುತ್ತೇನೆ. 2022ರ ಪ್ರೊ ಕಬಡ್ಡಿ ಹರಾಜಿನಲ್ಲಿ ತಮಿಳ್ ತಲೈವಾಸ್ ಪವನ್ ಸೆಹ್ರಾವತ್ ಅವರನ್ನು 2.26 ಕೋಟಿ ರೂಪಾಯಿಗೆ ಕೊಂಡಿತು. ಮೊದಲ ಪಂದ್ಯದಲ್ಲೇ ಅವರಿಗೆ ಗಾಯವಾಯಿತು. ಆದರೂ ಯುವ ರೈಡರ್ ನರೇಂದರ್ ಮತ್ತು ಉಳಿದವರ ಬಲದಿಂದ ತಂಡ ಸೆಮಿಫೈನಲ್ ತಲುಪಿತು. ಮರುವರ್ಷ ತೆಲುಗು ಟೈಟಾನ್ಸ್ ತನ್ನ 5 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಪವನ್ ಒಬ್ಬರಿಗೇ ಕೊಟ್ಟೂ ಕೊನೆಯ ಸ್ಥಾನದಲ್ಲೇ ಉಳಿಯಿತು.

ನಮಗೆ ಹರಾಜಿಲ್ಲ, ಇರುವ ಹನ್ನೆರಡು ಮಂದಿಯೇ ಬಂಡವಾಳ. ದೈಹಿಕ ಶಿಕ್ಷಣ ಉಪನ್ಯಾಸಕರಲ್ಲಿ ವಿನಂತಿ: ವಾರಕ್ಕೆರಡು ದಿನ ನಮ್ಮನ್ನೂ ರೈಡಿಗೆ ಕಳುಹಿಸಿ. ಒಬ್ಬನ ಕಾಲು ಉಳುಕಿದ ದಿನ ನಾವು ತಯಾರಿರಬೇಕಲ್ಲವೇ?