ನಮ್ಮ ಹಣ್ಣಿಗೆ ಸಿಟಿಯಲ್ಲಿ ಎಷ್ಟು ರೇಟು? ಬರೆದಿಡೋಣ ಬನ್ನಿ

ದೇವನಹಳ್ಳಿ ಕಡೆಯಿಂದ ಬಳ್ಳಾರಿ ರಸ್ತೆ ಹಿಡಿದು ಬೆಂಗಳೂರಿಗೆ ಬಂದರೆ, ಹೆಬ್ಬಾಳ ಫ್ಲೈಓವರ್‌ಗೆ ಮುಂಚೆ ಎಡಕ್ಕೆ ಕೆಂಪಾಪುರ ಸಿಗುತ್ತದೆ. ನಮ್ಮೂರುಗಳಿಂದ ಕೆಲಸಕ್ಕೆ ಬಂದ ಎಷ್ಟೋ ಹುಡುಗ ಹುಡುಗಿಯರು ಇಲ್ಲಿನ ಬಾಡಿಗೆ ರೂಮು, ಪಿಜಿಗಳಲ್ಲಿದ್ದಾರೆ. ಸಂಜೆ ಇಲ್ಲಿ ಹಣ್ಣು ಕೊಳ್ಳಲು ಹೋದರೆ ಒಂದೇ ದ್ರಾಕ್ಷಿಗೆ ಮೂರು ರೇಟು. ತಳ್ಳುಗಾಡಿಯಲ್ಲಿ ಒಂದು, ದೊಡ್ಡ ಅಂಗಡಿಯಲ್ಲಿ ಒಂದು, ಮೊಬೈಲ್ ಆ್ಯಪ್‌ನಲ್ಲಿ ಮತ್ತೊಂದು. ಗಾಡಿಯವರದು ಕೆಜಿ ಲೆಕ್ಕ, ಆ್ಯಪ್‌ನವರದು ಅರ್ಧ ಕೆಜಿ ಡಬ್ಬಿಯ ಲೆಕ್ಕ.

ಇದೇ ರಸ್ತೆಯ ಆ ತುದಿಯಲ್ಲಿ, ಚಿಕ್ಕಬಳ್ಳಾಪುರ ದೇವನಹಳ್ಳಿಯ ತೋಟಗಳಲ್ಲಿ, ದ್ರಾಕ್ಷಿ ಬೆಳೆದವರಿಗೆ ಈ ಮೂರರಲ್ಲಿ ಒಂದೂ ಗೊತ್ತಾಗುವುದಿಲ್ಲ. ತೋಟಕ್ಕೆ ಬಂದ ವ್ಯಾಪಾರಿ "ಸಿಟಿಯಲ್ಲಿ ರೇಟೇ ಇಲ್ಲ" ಅಂದರೆ ನಾವು ನಂಬಬೇಕು. ಹಣ್ಣು ಕಾಯುವುದಿಲ್ಲ. ಇಂದು ಕೊಡದಿದ್ದರೆ ನಾಳೆ ಬಳ್ಳಿಯಲ್ಲೇ ಉದುರುತ್ತದೆ.

ಮಂಡಿ ರೇಟು ಫೋನಿಗೆ ಬರುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಕೃಷಿ ಮಾರಾಟ ವಾಹಿನಿಯಲ್ಲಿ ಎಪಿಎಂಸಿ ದರಗಳು ಸಿಗುತ್ತವೆ. ಆದರೆ ಅದು ಅರ್ಧ ಕಥೆ. ಗ್ರಾಹಕ ಕೊನೆಗೆ ಎಷ್ಟು ಕೊಟ್ಟ ಎನ್ನುವುದು ಅಲ್ಲಿ ಇಲ್ಲ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಕ್ಕಿ, ಬೇಳೆ, ಈರುಳ್ಳಿ, ಟೊಮೆಟೊಗಳ ಚಿಲ್ಲರೆ ಬೆಲೆಯನ್ನು ದಿನವೂ ಬರೆದಿಡುತ್ತದೆ. 2024ರ ಆಗಸ್ಟ್‌ನಲ್ಲಿ ಆ ಪಟ್ಟಿಯನ್ನು 22 ವಸ್ತುಗಳಿಂದ 38ಕ್ಕೆ ಏರಿಸಿದರು. ಆಗ ಸೇರಿದ ಹಣ್ಣು ಒಂದೇ, ಬಾಳೆ. ದ್ರಾಕ್ಷಿ, ದಾಳಿಂಬೆ, ಸೀಬೆ, ಮಾವು ಯಾವುದೂ ಇಲ್ಲ.

ಈ ಲೆಕ್ಕ ಯಾಕೆ ಮುಖ್ಯ? ರಿಸರ್ವ್ ಬ್ಯಾಂಕ್ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನೋಡಿ. ಗ್ರಾಹಕ ಕೊಡುವ 100 ರೂಪಾಯಿಯಲ್ಲಿ ಬೆಳೆಗಾರರಿಗೆ ಸೇರುವುದು ಬಾಳೆಗೆ ಸುಮಾರು 31, ದ್ರಾಕ್ಷಿಗೆ 35, ಮಾವಿಗೆ 43 ರೂಪಾಯಿ.

ಉಳಿದದ್ದನ್ನೆಲ್ಲ ಗಾಡಿಯವರು ತಿಂದರು ಎನ್ನುವುದು ತಪ್ಪು. ಲಾರಿ ಬಾಡಿಗೆ, ಕೂಲಿ, ಕಮಿಷನ್, ಬಾಳೆ ಹಣ್ಣು ಮಾಡುವ ಖರ್ಚು, ಕೊಳೆತು ಬಿಸಾಡುವ ಮಾಲು ಎಲ್ಲ ಅದರಲ್ಲೇ. ರಾತ್ರಿ ಉಳಿದ ಹಣ್ಣನ್ನು ಅರ್ಧ ರೇಟಿಗೆ ಕೊಡುವ ಗಾಡಿಯವರೂ ನಮ್ಮಂಥವರೇ. ಆದರೆ ಯಾವ ಹಂತದಲ್ಲಿ ಎಷ್ಟು ಏರಿತು ಎಂದು ತಿಳಿಯಲು ಎರಡೂ ತುದಿಯ ರೇಟು ಕೈಯಲ್ಲಿರಬೇಕು. ಒಂದು ತುದಿ ಮಾತ್ರ ಗೊತ್ತಿದ್ದವರು ಚೌಕಾಸಿಯಲ್ಲಿ ಸೋಲುತ್ತಾರೆ.

ದಾರಿ ಹೊಸದೇನೂ ಅಲ್ಲ. 1959ರಲ್ಲಿ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ಬೆಂಗಳೂರು ಸುತ್ತಿನ ದ್ರಾಕ್ಷಿ ಬೆಳೆಗಾರರು ಒಂದು ಸಹಕಾರ ಸಂಘ ಕಟ್ಟಿದರು. ಅದೇ ಇಂದಿನ ಹಾಪ್‌ಕಾಮ್ಸ್. ಅದು ಈಗಲೂ ತನ್ನ ಮಳಿಗೆಗಳ ದರಪಟ್ಟಿಯನ್ನು ದಿನವೂ ಪ್ರಕಟಿಸುತ್ತದೆ. ತೋಟಗಾರಿಕೆ ಇಲಾಖೆ ಆ ಪಟ್ಟಿಯ ಪಕ್ಕದಲ್ಲೇ ಗಾಡಿ, ಅಂಗಡಿ, ಆ್ಯಪ್ ದರಗಳನ್ನೂ ಅಂದಿನ ಮಂಡಿ ದರವನ್ನೂ ಹಾಕಿ, ಕನ್ನಡದಲ್ಲಿ ಫೋನಿಗೆ ಕಳಿಸಲಿ. ಇದು ನಮ್ಮ ಒತ್ತಾಯ.

ಅಲ್ಲಿಯವರೆಗೆ ನಾವು ಸುಮ್ಮನೆ ಕೂರಬೇಕಿಲ್ಲ. ನಿಮ್ಮ ಮನೆಯ ಮಗನೋ ಮಗಳೋ ಕೆಂಪಾಪುರದಲ್ಲೋ ಯಲಹಂಕದಲ್ಲೋ ಇದ್ದರೆ ಒಂದು ಕೆಲಸ ಹೇಳಿ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ, ಒಂದು ಗಾಡಿ, ಒಂದು ಅಂಗಡಿ, ಒಂದು ಆ್ಯಪ್‌ನ ರೇಟು ಬರೆದು ವಾಟ್ಸಾಪ್‌ಗೆ ಹಾಕಲಿ. ತಳಿಯ ಹೆಸರು ಬೇಕು, ಏಲಕ್ಕಿ ಬಾಳೆಯ ರೇಟು ಪಚ್ಚಬಾಳೆಗೆ ಹೊಂದುವುದಿಲ್ಲ. ಡಬ್ಬಿ ಲೆಕ್ಕವನ್ನು ಕೆಜಿಗೆ ತಿರುಗಿಸಲಿ. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬದ ರೇಟನ್ನು ಬೇರೆಯಾಗಿ ಗುರುತಿಸಲಿ, ಅದು ವರ್ಷದ ರೇಟಲ್ಲ.

ಹತ್ತು ಮನೆಯವರು ಹೀಗೆ ಬರೆದಿಟ್ಟರೆ ಒಂದು ಸೀಸನ್‌ನಲ್ಲಿ ಊರಿಗೊಂದು ದರಪಟ್ಟಿ ಆಗುತ್ತದೆ. ಅದರಿಂದ ನಾಳೆಯೇ ಬೆಲೆ ಏರುತ್ತದೆ ಎಂದು ನಾವು ಹೇಳುತ್ತಿಲ್ಲ. ಆದರೆ ಮುಂದಿನ ಸಲ ವ್ಯಾಪಾರಿ "ರೇಟೇ ಇಲ್ಲ" ಅಂದಾಗ, ಫೋನ್ ತೆಗೆದು "ನಿನ್ನೆ ಕೆಂಪಾಪುರದಲ್ಲಿ ಇಷ್ಟಿತ್ತಲ್ಲಪ್ಪಾ" ಎನ್ನಬಹುದು. ಮಾತು ಅಲ್ಲಿಂದ ಶುರುವಾಗಲಿ.