ಮಾಸ್ತರಿಕೆಯಿಂದ ಮಳಿಗೆಗೆ: ಅಪರಾಧ ಯಾರದು?

ಕಲಿಸುವ ಕೆಲಸವನ್ನು ತೊರೆದು ಜವಳಿ ಮಳಿಗೆಯಲ್ಲಿಯೋ ದಿನಸಿಯ ದೊಡ್ಡ ಅಂಗಡಿಯಲ್ಲಿಯೋ ಮಾರಾಟಕ್ಕೆ ನಿಲ್ಲುವ ತರುಣ ಶಿಕ್ಷಕರನ್ನು ಕುರಿತು ಊರ ಹಿರಿಯರು ಆಡುವ ಮಾತು ನಮ್ಮ ಕಿವಿಗೂ ಬಿದ್ದಿದೆ. ಸರಸ್ವತಿಯನ್ನು ಬಿಟ್ಟು ಲಕ್ಷ್ಮಿಯ ಬೆನ್ನು ಹತ್ತಿದರೆಂಬುದು ಅವರ ಆಕ್ಷೇಪ. ಈ ಆಕ್ಷೇಪವು ಅನ್ಯಾಯದ್ದೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಮೊದಲು ಲೆಕ್ಕ ನೋಡೋಣ. ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳ ಅತಿಥಿ ಶಿಕ್ಷಕರಿಗೆ 2023-24ನೆಯ ಸಾಲಿನಲ್ಲಿ ದೊರೆತದ್ದು ತಿಂಗಳಿಗೆ 10,000 ರೂಪಾಯಿ. 2025ರ ಮುಂಗಡಪತ್ರದಲ್ಲಿ ಇನ್ನೆರಡು ಸಾವಿರ ಸೇರಿಸಿದರು. ಇದಕ್ಕೆ ಗೌರವಧನವೆಂದು ಹೆಸರು! ಬೇಸಿಗೆಯಲ್ಲಿ ಶಾಲೆಯ ಬಾಗಿಲು ಮುಚ್ಚಿತೆಂದರೆ ಆ ಗೌರವವೂ ಇಲ್ಲ, ಧನವೂ ಇಲ್ಲ. ಅತಿಥಿಯನ್ನು ಹೀಗೆ ಉಪವಾಸ ಕಳಿಸುವ ಮನೆ ನಮ್ಮ ನಾಡಿನಲ್ಲಿ ಇನ್ನೊಂದುಂಟೆ?

ಇನ್ನು ಕಾಯಿದೆಯ ಮಾತು. ಕೋರ್ಟಿನ ಮೆಟ್ಟಿಲು ಹತ್ತಿಳಿಯುವ ನಮಗೆ ಇದು ಹೆಚ್ಚು ನೋವಿನ ಸಂಗತಿ. ಬಟ್ಟೆ ಅಳೆಯುವ ನೌಕರನಿಗೆ ನಮ್ಮ ರಾಜ್ಯದ 1961ರ ಅಂಗಡಿಗಳ ಕಾಯಿದೆಯು ದುಡಿಮೆಯ ತಾಸುಗಳನ್ನು ಗೊತ್ತುಪಡಿಸಿತು. ವಾರದ ರಜೆಯನ್ನೂ ಹೆಚ್ಚಿನ ದುಡಿಮೆಗೆ ಇಮ್ಮಡಿ ಕೂಲಿಯನ್ನೂ ವಿಧಿಸಿತು. ಶಿಕ್ಷಕನಿಗೋ? ಕಲಿಸುವುದು ಉದಾತ್ತವಾದ ವೃತ್ತಿಯಾದುದರಿಂದ ಶಿಕ್ಷಕನು ಕೈಗಾರಿಕಾ ವಿವಾದಗಳ ಕಾಯಿದೆಯ ಅರ್ಥದಲ್ಲಿ ಕಾರ್ಮಿಕನಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿ ತೀರ್ಪಿತ್ತಿತು. 1996ರಲ್ಲಿ, ಹರಿಯಾಣದ ಖಾಸಗಿ ಶಾಲೆಗಳ ವ್ಯಾಜ್ಯದಲ್ಲಿ, 1948ರ ಕನಿಷ್ಠ ವೇತನದ ಕಾಯಿದೆಯೂ ಅವನಿಗೆ ಅನ್ವಯಿಸದೆಂದಿತು. 2019ರ ವೇತನ ಸಂಹಿತೆಯಲ್ಲಿಯೂ ಅವನ ಹೆಸರನ್ನು ಎತ್ತಿ ಹೇಳಲಿಲ್ಲ. ವೃತ್ತಿಯ ಉದಾತ್ತತೆಯೇ ಅವನ ಅನ್ನಕ್ಕೆ ಎರವಾಯಿತು!

ಶಿಕ್ಷಕನು ಸೇವಾಭಾವದಿಂದ ದುಡಿಯಬೇಕೆಂದು ಆಡಳಿತ ಮಂಡಲಿಯವರು ಉಪದೇಶಿಸುತ್ತಾರೆ. ಒಳ್ಳೆಯದು. ಶಾಲೆಗೆ ಮಾಳಿಗೆ ಕಟ್ಟಿದ ಗುತ್ತಿಗೆದಾರನಿಗೂ ಬಸ್ಸು ಮಾರಿದ ವರ್ತಕನಿಗೂ ಈ ಉಪದೇಶವನ್ನು ಅವರು ಎಂದಾದರೂ ಮಾಡಿದ್ದಾರೆಯೆ? ತ್ಯಾಗವು ತಾನಾಗಿ ಮಾಡತಕ್ಕದ್ದು. ಬಡವನ ಕೈಯಿಂದ ಬಲವಂತವಾಗಿ ಮಾಡಿಸಿದ್ದಕ್ಕೆ ಸುಲಿಗೆಯೆಂದು ಹೆಸರು.

ಸಣ್ಣ ಶಾಲೆಗಳು ಹೆಚ್ಚು ಪಗಾರ ಕೊಡಲಾರವೆಂಬ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸಣ್ಣ ಅಂಗಡಿಕಾರನಿಗೆ ಕಾಯಿದೆಯು ಈ ನೆಪವನ್ನು ಒಪ್ಪಿತೆ? ಸರಕಾರವೇ ಖಾಲಿ ಹುದ್ದೆಗಳನ್ನು ಅತಿಥಿಗಳಿಂದ ನಡೆಯಿಸುತ್ತಿರುವಾಗ ಖಾಸಗಿಯವರಿಗೆ ಬುದ್ಧಿ ಹೇಳುವವರಾರು?

ದಾರಿಯಿಲ್ಲವೆಂದಲ್ಲ. ಶಿಕ್ಷಕರಿಗೆ ಗ್ರಾಚ್ಯುಯಿಟಿಯ ಹಕ್ಕಿಲ್ಲವೆಂದು 2004ರಲ್ಲಿ ಅದೇ ನ್ಯಾಯಾಲಯವು ಹೇಳಿತ್ತು. ಸಂಸತ್ತು 2009ರಲ್ಲಿ ಕಾಯಿದೆಯನ್ನೇ ತಿದ್ದಿ, 1997ರಿಂದಲೇ ಆ ಹಕ್ಕು ಸಲ್ಲುವಂತೆ ಮಾಡಿತು. 2022ರಲ್ಲಿ ನ್ಯಾಯಾಲಯವು ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಿವೃತ್ತನಾಗುವ ಶಿಕ್ಷಕನಿಗೆ ಸಾಧ್ಯವಾದ ನ್ಯಾಯವು ಇಂದು ಪಾಠ ಹೇಳುತ್ತಿರುವವನಿಗೆ ಏಕೆ ಅಸಾಧ್ಯ? ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿಯೊಬ್ಬ ಶಿಕ್ಷಕನಿಗೂ ಹನ್ನೆರಡು ತಿಂಗಳ ಕನಿಷ್ಠ ವೇತನವನ್ನು ಶಾಸನದಿಂದ ಕಟ್ಟಿಕೊಡಬೇಕು. ಇದೇ ನಮ್ಮ ಬೇಡಿಕೆ.

ಶಿಕ್ಷಕ ಬಂಧುಗಳೇ, ಸಪ್ಟಂಬರ 5ರ ಹಾರತುರಾಯಿಗಳಿಂದ ತೃಪ್ತರಾಗಬೇಡಿರಿ. ನಿಮ್ಮ ಸಂಘಗಳ ಮೂಲಕ ಶಾಸಕರನ್ನು ಕೇಳಿರಿ. ತಂದೆತಾಯಿಗಳೇ, ನಿಮ್ಮ ಮಗುವಿಗೆ ಅಕ್ಷರ ಕಲಿಸುವವರ ಪಗಾರವೆಷ್ಟೆಂದು ಶಾಲೆಯಲ್ಲಿ ಒಮ್ಮೆ ವಿಚಾರಿಸಿರಿ. ಅಲ್ಲಿಯವರೆಗೆ, ಮಳಿಗೆಯಲ್ಲಿ ಸೀರೆ ಬಿಚ್ಚಿ ತೋರಿಸುವ ಮಾಜಿ ಮಾಸ್ತರನನ್ನು ಕಂಡರೆ ಅವನನ್ನು ಹಳಿಯಬೇಡಿರಿ. ತಲೆ ತಗ್ಗಿಸಬೇಕಾದವರು ನಾವು.